ಸುಮನಬಾಯಿಯ ಕೋಣೆಗೆ ವೈರ್‌ಲೆಸ್ ಬಂದದ್ದು

ಸುಮನಬಾಯಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಬಸವಕಲ್ಯಾಣದ ಹಳೆಯ ಪ್ಯಾಟಿಯಲ್ಲಿ ಅವಳ ಅಣ್ಣ ಸೂರ್ಯಕಾಂತನ ಅರಿವಿ ಅಂಗಡಿ ಇತ್ತು. ಅಂಗಡಿಯ ಹಿಂದೆ ಕಲ್ಲಿನ ಮನೆ, ನಡುವೆ ಬಯಲು ಚೌಕ, ಚೌಕದ ಆಚೆಗೆ ಸುಮನಬಾಯಿಯ ಕೋಣೆ. ಅಲ್ಲಿ ಅವಳು ಜಂಪರು ಹೊಲಿಯುತ್ತಿದ್ದಳು. ಹೆಣ್ಣುಮಕ್ಕಳು ಅಳತೆಯ ಜಂಪರು ತಂದು, ಕೊರಳು ಎಷ್ಟು ಇಳಿಯಬೇಕು, ತೋಳು ಎಲ್ಲಿಗೆ ನಿಲ್ಲಬೇಕು ಎಂದು ಬೆರಳಿನಲ್ಲೇ ತೋರಿಸಿ ಹೋಗುತ್ತಿದ್ದರು. ಅಷ್ಟು ಮಾತು ಆಕೆಗೆ ಎಲ್ಲರೊಂದಿಗೂ ಆಗುತ್ತಿತ್ತು. ಅದಕ್ಕಿಂತ ಹೆಚ್ಚಿನ ಮಾತಿಗೆ ಲೋಕದಲ್ಲಿ ಒಬ್ಬಳೇ ಇದ್ದಳು: ಹುಮನಾಬಾದಿನ ಅಸ್ಗರಿ.

ಇಬ್ಬರೂ ಗುಲಬರ್ಗಾದ ಕಿವುಡ ಮಕ್ಕಳ ಶಾಲೆಯಲ್ಲಿ ಏಳು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಅಲ್ಲೇ ಕೈಮಾತು ಕಲಿತವರು. ಶಾಲೆ ಮುಗಿದ ಮೇಲೆ ಒಬ್ಬಳು ಈ ಊರಿಗೆ, ಒಬ್ಬಳು ಆ ಊರಿಗೆ. ಬಸ್ಸಿನಲ್ಲಿ ಒಂದು ತಾಸಿನ ಹಾದಿ, ಆದರೆ ವರ್ಷಕ್ಕೆ ಎರಡು ಸಲ ಭೇಟಿಯಾದರೆ ದೊಡ್ಡದು. ಅಸ್ಗರಿಯ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅಕ್ಕ ಸರ್ವರಿ ಆ ಅಂಗಡಿಯನ್ನು ಕಂಪ್ಯೂಟರಿನ ಅಂಗಡಿ ಮಾಡಿದಳು. ಗಿರಾಕಿಗಳನ್ನು ಸರ್ವರಿ ನೋಡಿಕೊಳ್ಳುತ್ತಿದ್ದಳು, ಹಿಂದಿನ ಮೇಜಿನ ಮೇಲೆ ಬಿಚ್ಚಿ ಜೋಡಿಸುವ ಕೆಲಸವೆಲ್ಲ ಅಸ್ಗರಿಯದು.

೨೦೦೭ರ ಚಳಿಗಾಲದಲ್ಲಿ ಸೂರ್ಯಕಾಂತ ಅಂಗಡಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ. ಸುದ್ದಿ ತಿಳಿದ ಅಸ್ಗರಿ ಒಂದು ಕ್ಯಾಮೆರಾ ಕಳಿಸಿಕೊಟ್ಟಳು. ಮೊದಲ ದಿನ ಅಂಗಡಿಯ ಕಂಪ್ಯೂಟರಿನ ಮೇಲೆ ಅಸ್ಗರಿಯ ಮುಖ ಮೂಡಿ, ಅವಳ ಕೈ ಆಡತೊಡಗಿದಾಗ ಸುಮನಬಾಯಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಕೂತು ಮಾತಾಡುವುದನ್ನೇ ಮರೆತಳು.

ಆದರೆ ಅದು ಅರಿವಿ ಅಂಗಡಿ. ಗಿರಾಕಿಗಳು ಸೀರೆ ನೋಡುವುದು ಬಿಟ್ಟು ಇವಳ ಕೈ ನೋಡುತ್ತಿದ್ದರು. ಒಂದು ದಿನ ಇಬ್ಬರು ಗಂಡಸರು ಗಲ್ಲಾದ ಹತ್ತಿರ ನಿಂತು ಅವಳಂತೆಯೇ ಕೈ ತಿರುವಿ ನಕ್ಕರು. ಕಂಪ್ಯೂಟರಿನ ಗಾಜಿನಲ್ಲಿ ಅದು ಆಕೆಗೆ ಕಂಡಿತು. ಎದ್ದು ಒಳಗೆ ಹೋದಳು. ಮರುದಿನ ಅಂಗಡಿಯ ಕಡೆ ಕಾಲಿಡಲಿಲ್ಲ.

ಸೂರ್ಯಕಾಂತನ ಹೆಂಡತಿ ಜಗದೇವಿಗೆ ಸಿಟ್ಟು ಬಂತು.

"ಏನ್ರೀ, ನೀವು ಫೋನಿನ್ಯಾಗ ಮಾತಾಡುಮುಂದ ಊರ ಮಂದೀನೆಲ್ಲ ಮುಂದ ಕೂಡಿಸ್ಕೊಂಡು ಮಾತಾಡ್ತೀರೇನು? ಆಕಿ ಕೋಣಿಗೇ ಆ ಇಂಟರ್ನೆಟ್ ತಂದು ಕೊಡ್ರಿ," ಅಂದಳು.

"ಹ್ಯಾಂಗ ತರೋದು? ಅಂಗಡ್ಯಾಗ ಒಂದು ತಂತಿ ಬಂದದ, ಅಷ್ಟೇ."

"ತಂತಿ ಎಳೀರಿ."

ಎಳೆದ. ಚೌಕದ ಮೇಲಿನಿಂದ ಈ ಮಾಳಿಗೆಯಿಂದ ಆ ಮಾಳಿಗೆಗೆ ಹಾಯಿಸಿ ತಂತಿ ಕಟ್ಟಿಸಿದ. ಸುಮನಬಾಯಿ ತನ್ನ ಹೊಲಿಗೆಯ ದುಡಿಮೆಯಿಂದ ಸರ್ವರಿಯ ಅಂಗಡಿಯ ಹಳೆಯ ಲ್ಯಾಪ್‌ಟಾಪ್ ತರಿಸಿಕೊಂಡಳು. ನಾಲ್ಕೇ ದಿನ. ಐದನೆಯ ದಿನ ಕೋಟೆಯ ಕಡೆಯಿಂದ ಬಂದ ಮಂಗಗಳು ತಂತಿಗೆ ಜೋತು ಬಿದ್ದು ಆಡಿ, ಎರಡು ತುಂಡು ಮಾಡಿ ಹೋದವು.

ಆಗ ಯಾರೋ ವೈರ್‌ಲೆಸ್ ಮಾತು ಹೇಳಿದರು. ಸೂರ್ಯಕಾಂತ ಪಟ್ಟಣದ ಒಂದು ಅಂಗಡಿಗೆ ಹೋಗಿ ಅಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ವೈರ್‌ಲೆಸ್ ಡಬ್ಬಿ ತಂದ. "ಗೋಡಿ ಎಷ್ಟ ದಪ್ಪ ಇರಲಿ, ಹಾಯ್ಕೊಂಡು ಹೋಗ್ತದ್ರಿ" ಎಂದಿದ್ದನಂತೆ ಅಂಗಡಿಯವನು. ಅದನ್ನು ಗಲ್ಲಾದ ಹಿಂದೆ, ಕಬ್ಬಿಣದ ಕಪಾಟಿನ ಬಗಲಿಗೆ ಇಟ್ಟರು. ಲ್ಯಾಪ್‌ಟಾಪ್‌ನಲ್ಲಿ ಸಿಗ್ನಲ್ ಬಂತು. ಬಂತು ಅಂದರೆ, ಐದು ಗೆರೆಗಳಲ್ಲಿ ಒಂದು.

ಅಕ್ಷರ ಓದಲು ಆ ಒಂದು ಗೆರೆ ಸಾಕಾಗುತ್ತಿತ್ತೇನೋ. ಕೈಮಾತಿಗೆ ಸಾಲಲಿಲ್ಲ. ಅಸ್ಗರಿಯ ಕೈ ಮೇಲೆದ್ದು ಅಲ್ಲೇ ನಿಂತುಬಿಡುವುದು. ಮತ್ತೆ ಚಿತ್ರ ಅಲುಗಿದಾಗ ಮಾತು ಮುಗಿದೇ ಹೋಗಿರುವುದು. ಹೇಳಿದ್ದರಲ್ಲಿ ಅರ್ಧ ಊಹೆ.

ಹಾಗಿರುವಾಗ ಒಂದು ಸೋಮವಾರ ಸುಮನಬಾಯಿ, "ಈ ಶುಕ್ರವಾರ ನಿನ್ನ ಮನೆಗೆ ಬರ್ತೀನಿ" ಎಂದು ಕೈ ಮಾಡಿದಳು. ಅಸ್ಗರಿ ಹುಬ್ಬು ಗಂಟಿಕ್ಕಿ, ಅಂಗೈ ಮುಂದೆ ಚಾಚಿ, "ಬರಬೇಡ" ಅಂದಳು. ಚಿತ್ರ ಅಲ್ಲೇ ನಿಂತಿತು. ಗಂಟಿಕ್ಕಿದ ಮುಖ, ತಡೆಯುವ ಕೈ. ಸುಮನಬಾಯಿ ಕಾಯ್ದಳು. ಅದು ಕದಲಲೇ ಇಲ್ಲ. ಕೊನೆಗೆ ಚಿತ್ರವೂ ಹೋಯಿತು.

ಆಕೆ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಮಡಚಿದ ಅರಿವೆ ಹೊದಿಸಿಟ್ಟಳು. ಹದಿನೈದು ದಿನ ತೆರೆಯಲಿಲ್ಲ. ಹೊಲಿಗೆ ಮಾತ್ರ ನಡೆಯಿತು. ಊಟಕ್ಕೆ ಕರೆದರೆ ಬಂದಳು, ತಾಟು ತೊಳೆದಿಟ್ಟು ಎದ್ದಳು. ಜಗದೇವಿ ಏನಾಯಿತೆಂದು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದಳು. ಕಡೆಗೊಂದು ದಿನ ಜಗದೇವಿ ಬಿಡದೆ ಎದುರಿಗೆ ಕೂತಾಗ, ಸುಮನಬಾಯಿ ಅಂಗೈ ಮುಂದೆ ಚಾಚಿ ತೋರಿಸಿದಳು. ಅಸ್ಗರಿ ಹೀಗಂದಳು. ನಾನು ಬರುವುದು ಬೇಡವಂತೆ.

"ಏಳು, ಸೀರಿ ಉಡು," ಅಂದಳು ಜಗದೇವಿ. ಮಾತೂ ಸನ್ನೆಯೂ ಒಟ್ಟಿಗೇ. "ಹುಮನಾಬಾದಿಗೆ ಹೋಗೂಣ. ಬೇಡ ಅನ್ನೋದಿದ್ರ ನನ್ನ ಎದುರಿಗೇ ಅನ್ಲಿ."

ಹುಮನಾಬಾದಿನ ಬಸ್ ಸ್ಟ್ಯಾಂಡಿನಿಂದ ಅಂಗಡಿ ಐದು ನಿಮಿಷದ ದಾರಿ. ಸುಮನಬಾಯಿ ಮೆಟ್ಟಿಲಿನ ಕೆಳಗೇ ನಿಂತಳು. ಗಾಜಿನ ಕಪಾಟಿನ ಹಿಂದಿದ್ದ ಸರ್ವರಿ ಇವರನ್ನು ನೋಡಿದ್ದೇ ಒಳಗೆ ಹೋಗಿ ತಂಗಿಯ ಭುಜ ತಟ್ಟಿದಳು. ಅಸ್ಗರಿ ಹೊರಗೆ ಬಂದು, ಸುಮನಬಾಯಿಯನ್ನು ನೋಡಿದರೂ ಅಪ್ಪಿಕೊಳ್ಳಲಿಲ್ಲ. ಅವಳ ಕೈಗಳು ಜೋರಾಗಿ ಆಡತೊಡಗಿದವು. ಸರ್ವರಿ ಜಗದೇವಿಗೆ ಬಿಡಿಸಿ ಹೇಳಿದಳು.

"ಆ ಶನಿವಾರ ಯಾಕ ಬರ್ಲಿಲ್ಲಂತ ಬೈಯಾಕತ್ತಾಳ್ರಿ. ಮೂರು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬಂದಾಳ ಆವತ್ತು. ಹಾಲು-ಶಾವಿಗಿ ಹಾಕಿ ಶೀರ್‌ಖುರ್ಮಾ ಮಾಡಿಟ್ಟಿದ್ಲು."

"ಶನಿವಾರ? ಬರಬ್ಯಾಡ ಅಂದಿದ್ಲಂತಲ್ರಿ?"

"ಶುಕ್ರವಾರ ಬರಬ್ಯಾಡ ಅಂದಿದ್ಲು. ಅವತ್ತು ನಾವಿಬ್ಬರೂ ಸಾಮಾನು ತರಾಕ ಹೈದರಾಬಾದಿಗೆ ಹೋಗೋದಿತ್ತು. ಶನಿವಾರ ಬಾ, ಎರಡು ದಿನ ಇದ್ದು ಹೋಗು ಅಂತ ಹೇಳಿದ್ಲು. ಆಮ್ಯಾಲ ಮೇಲ್ ಸುದ್ದಾ ಮಾಡಿದ್ಲು."

ಅಷ್ಟರಲ್ಲಿ ಗೆಳತಿಯರಿಬ್ಬರಿಗೂ ನಡೆದದ್ದು ತಿಳಿದಿತ್ತು. ಸುಮನಬಾಯಿ ಗಾಳಿಯಲ್ಲಿ ಆ ನಿಂತುಹೋದ ಕೈಯನ್ನೂ ಗಂಟಿಕ್ಕಿದ ಮುಖವನ್ನೂ ಮಾಡಿ ತೋರಿಸಿದಳು. ಅಸ್ಗರಿ ಒಂದು ಗಳಿಗೆ ನೋಡಿ, ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಇಬ್ಬರೂ ಅತ್ತರು, ಅಳುತ್ತಲೇ ನಕ್ಕರು.

ಚಹಾ ಕುಡಿದ ಮೇಲೆ ಅಸ್ಗರಿ ಒಂದು ಹಾಳೆ ತಂದು ಸುಮನಬಾಯಿಯ ಮುಂದೆ ಇಟ್ಟಳು. ಮನೆ ಬರೆ. ಸುಮನಬಾಯಿ ಬರೆದಳು: ಅಂಗಡಿ, ಚೌಕ, ತನ್ನ ಕೋಣೆ, ಕಿಟಕಿ. ಗೋಡೆ ಎಷ್ಟು ದಪ್ಪ? ಸುಮನಬಾಯಿ ಮೊಳಕೈಯಿಂದ ಬೆರಳ ತುದಿಯವರೆಗೆ ತೋರಿಸಿ, ಅದರ ಮೇಲೆ ಇನ್ನೊಂದು ಗೇಣು ಇಟ್ಟಳು. ಈಗಿನ ಡಬ್ಬಿ ಎಲ್ಲಿದೆ? ಕಬ್ಬಿಣದ ಕಪಾಟಿನ ಹತ್ತಿರ. ಅಸ್ಗರಿ ಹಣೆ ಬಡಿದುಕೊಂಡಳು.

ಮೇಜಿನ ಬ್ಯಾಟರಿ ತೆಗೆದು ಒಂದು ದಪ್ಪ ಪುಸ್ತಕದ ಮೇಲೆ ಬೆಳಕು ಬಿಟ್ಟಳು. ಹಾಯಲಿಲ್ಲ. ತೆರೆದ ಬಾಗಿಲಿನತ್ತ ಬಿಟ್ಟಳು. ಎದುರಿನ ಗೋಡೆಯ ಮೇಲೆ ಬೆಳಕು ಬಿತ್ತು. ಜಗದೇವಿಯ ಮುಖ ನೋಡಿದಳು.

"ಅಂದ್ರ ಗೋಡಿ ಹಾಯಿಸೋದೇ ಬ್ಯಾಡ," ಅಂದಳು ಜಗದೇವಿ ನಿಧಾನವಾಗಿ. "ಚೌಕದಾಗ ಇಟ್ರ ಇವಳ ಕಿಟಕಿಗೆ ನೇರ ಹೋಗ್ತದ!"

ಅಸ್ಗರಿ ಚಪ್ಪಾಳೆ ತಟ್ಟಿದಳು.

ಸರ್ವರಿ ಮೂರು ಡಬ್ಬಿ ತಂದು ಇಟ್ಟಳು. ಒಂದಕ್ಕೆ ಕೊಂಬಿನಂಥ ಮೂರು ಆಂಟೆನಾ, ಬಣ್ಣದ ಪೆಟ್ಟಿಗೆ. ಅಸ್ಗರಿ ಅದನ್ನು ಮುಟ್ಟಲಿಲ್ಲ. ಅದು ರೌಟರು, ಅಂಥದ್ದು ಸೂರ್ಯಕಾಂತನ ಅಂಗಡಿಯಲ್ಲಿ ಆಗಲೇ ಇದೆ. ಇವರಿಗೆ ಬೇಕಾದದ್ದು ಬರೀ ಆಕ್ಸೆಸ್ ಪಾಯಿಂಟು: ತಂತಿಯಲ್ಲಿ ಬಂದದ್ದನ್ನು ಗಾಳಿಗೆ ಹಂಚುವುದು, ಅಷ್ಟೇ ಅದರ ಕೆಲಸ. ಉಳಿದ ಎರಡೂ ಅಂಥವೇ. ಚೌಕದಲ್ಲಿ ಕರೆಂಟಿನ ಪ್ಲಗ್ಗು ಇದೆಯೇ? ಇಲ್ಲ. ಹಾಗಿದ್ದರೆ ಇದು, ಎಂದು ಅಸ್ಗರಿ ಎಲ್ಲಕ್ಕಿಂತ ಸಣ್ಣದನ್ನು ಎತ್ತಿಕೊಂಡಳು. ಅದಕ್ಕೆ ಅಂಗಡಿಯ ಪ್ಲಗ್ಗಿನ ಕರೆಂಟೂ ಇಂಟರ್ನೆಟ್ಟಿನ ತಂತಿಯೊಳಗಿಂದಲೇ ಬರುತ್ತಿತ್ತು. ಬೇರೆ ಪ್ಲಗ್ಗು ಬೇಡ.

"ನಮ್ಮ ತಂಗಿಗೆ ವ್ಯಾಪಾರ ಬರೂದಿಲ್ರಿ," ಎಂದು ಸರ್ವರಿ ನಕ್ಕಳು. "ಯಾವಾಗ್ಲೂ ಸಸ್ತಾದ್ದೇ ಆರಿಸಿ ಕೊಡ್ತಾಳ."

ಮುಂದಿನ ಶುಕ್ರವಾರ ಅಕ್ಕತಂಗಿಯರ ಅಂಗಡಿಗೆ ರಜೆ. ಅಸ್ಗರಿ ತಾನೇ ಬಸವಕಲ್ಯಾಣಕ್ಕೆ ಬಂದಳು. ಹಳೆಯ ಡಬ್ಬಿಯ ವೈರ್‌ಲೆಸ್ ಬಂದ್ ಮಾಡಿ, ಅದರ ಹಿಂದಿನ ತೂತಿಗೆ ಹೊಸ ತಂತಿ ಸಿಕ್ಕಿಸಿದಳು. ಅಂಗಡಿಯ ಹಿಂಬಾಗಿಲಿನ ಮೇಲಿನಿಂದ ಅದನ್ನು ಚೌಕದ ಅಂಚಿನ ಸೂರಿನ ಕೆಳಗೆ ತಂದಳು. ನಿಚ್ಚಣಿಕೆ ಹಿಡಿದು ನಿಂತ ಸೂರ್ಯಕಾಂತ, "ಮಂಗ್ಯಾ ಕಿತ್ತಿ ಒಯ್ದಾವ್ರಿ" ಎಂದು ಒಂದು ಸ್ಟೀಲಿನ ಡಬ್ಬಿ ಎತ್ತಿ ಕೊಟ್ಟ, ಆಕ್ಸೆಸ್ ಪಾಯಿಂಟನ್ನು ಅದರೊಳಗೆ ಇಟ್ಟು ಮುಚ್ಚಲು. ಅಸ್ಗರಿ ಬೇಡವೆಂದು ತಲೆ ಅಲ್ಲಾಡಿಸಿದಳು. ಸ್ಟೀಲು ಸಿಗ್ನಲ್ಲನ್ನು ಹೊರಗೆ ಬಿಡುವುದಿಲ್ಲ. ಜಗದೇವಿ ಅಡುಗೆಮನೆಯಿಂದ ಪ್ಲಾಸ್ಟಿಕ್ಕಿನ ಡಬ್ಬಿ ತಂದಳು, ಅವಲಕ್ಕಿ ಖಾಲಿ ಮಾಡಿ. ಆಕ್ಸೆಸ್ ಪಾಯಿಂಟು ಅದರೊಳಗೆ ಕೂತಿತು.

ಸುಮನಬಾಯಿ ಲ್ಯಾಪ್‌ಟಾಪ್ ಹಿಡಿದು ಕೋಣೆಯಲ್ಲಿ ನಡೆದಳು. ಮಷೀನಿನ ಹತ್ತಿರ ನಾಲ್ಕು ಗೆರೆ. ಮೂಲೆಯಲ್ಲಿ ಎರಡು. ಕಿಟಕಿಯ ಎದುರಿಗೆ ಐದು. ಅಲ್ಲಿಯೇ ಮೇಜು ಎಳೆದರು. ಕಿಟಕಿಯ ಬೆಳಕು ಕೈಮೇಲೆ ಬೀಳುವುದರಿಂದ ಕೈಮಾತಿಗೂ ಅದೇ ಒಳ್ಳೆಯ ಜಾಗ. ಪಾಸ್‌ವರ್ಡ್ ಏನಿಡಬೇಕೆಂದು ಅಸ್ಗರಿ ಕೇಳಿದಾಗ ಸುಮನಬಾಯಿ ಅಣ್ಣನಿಗೆ ಬೆನ್ನು ತಿರುಗಿಸಿ ಒತ್ತಿದಳು.

"ನನಗೂ ಹೇಳೂದಿಲ್ಲೇನು?" ಅಂದ ಸೂರ್ಯಕಾಂತ.

"ನಿಮಗ್ಯಾಕ್ರಿ? ನಿಮಗ ಅಂಗಡ್ಯಾಗ ತಂತಿ ಅದಲ್ಲ," ಅಂದಳು ಜಗದೇವಿ.

ಅಂದು ಸಂಜೆ ಅಸ್ಗರಿ ಹುಮನಾಬಾದಿಗೆ ಮರಳಿ ಕಂಪ್ಯೂಟರಿನ ಮುಂದೆ ಕೂತಳು. ಚಿತ್ರ ನಿಲ್ಲಲಿಲ್ಲ. ಬೆರಳು ಬೆರಳೂ ಕಂಡವು. ಒಂದು ತಾಸು, ಎರಡು ತಾಸು. ಚೌಕದಲ್ಲಿ ನಿಂತ ಸೂರ್ಯಕಾಂತನಿಗೆ ಕಿಟಕಿಯಿಂದ ತಂಗಿ ಕಾಣುತ್ತಿದ್ದಳು. ಏನನ್ನೋ ನಟಿಸಿ ತೋರಿಸುತ್ತ, ಹುಬ್ಬು ಹಾರಿಸುತ್ತ, ದನಿ ತೆಗೆದು ನಗುತ್ತಿದ್ದಳು.

"ಜಗದೇವಿ, ನನ್ನ ತಂಗಿ ಇಷ್ಟು ಮಾತಾಡ್ತಾಳಂತ ನನಗ ಗೊತ್ತೇ ಇದ್ದಿಲ್ಲ," ಅಂದ. "ಆ ಕೈಮಾತು ನನಗೂ ಒಂದೀಟು ಕಲಿಸ್ತಾಳೇನು ಕೇಳು."

"ನೀವೇ ಕೇಳ್ರಿ."

ಕೇಳಿದ. ಮೊದಲು ಕಲಿತದ್ದು 'ಉಂಡಿಯಾ', ಆಮೇಲೆ 'ದಣಿದಿಯಾ'. ಮೂವತ್ನಾಲ್ಕು ವರ್ಷದ ತಂಗಿಗೆ ಆತ ಆ ಪ್ರಶ್ನೆಗಳನ್ನು ಹಿಂದೆಂದೂ ಕೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಹತ್ತಿರದ ಹಳ್ಳಿ ಮೋರಖಂಡಿಯಿಂದ ಸರುಬಾಯಿ ಎಂಬ ಹೆಣ್ಣುಮಗಳು ಮದುವೆಯ ಜಂಪರು ಹೊಲಿಸಲು ಬಂದಳು. ಹೊಲದ ಕೂಲಿಗೆ ಹೋಗುವವಳು. ಸೆರಗು ಹಿಡಿದುಕೊಂಡು ಏಳು ವರ್ಷದ ಮಗಳು ರೂಪಾಲಿ ನಿಂತಿದ್ದಳು. ಸುಮನಬಾಯಿ ಆಗ ಅಸ್ಗರಿಯ ಜೊತೆ ಮಾತಿನಲ್ಲಿದ್ದಳು. ರೂಪಾಲಿ ಸೆರಗು ಬಿಟ್ಟಳು. ಕಿಟಕಿಯ ಹತ್ತಿರ ಹೋಗಿ, ಕಂಪ್ಯೂಟರಿನೊಳಗಿನ ಹೆಂಗಸನ್ನೂ ಹೊರಗಿನ ಹೆಂಗಸನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡತೊಡಗಿದಳು.

"ಇಕಿಗೂ ಕೇಳ್ಸೂದಿಲ್ರಿ," ಅಂದಳು ಸರುಬಾಯಿ ಜಗದೇವಿಗೆ, ತಪ್ಪು ಮಾಡಿದವಳಂತೆ. "ಸಾಲ್ಯಾಗ ಕೂಡಿಸಿದ್ವಿ. ಸುಮ್ನೆ ಕೂತು ಬರ್ತಿದ್ಲು. ಬಿಡಿಸಿಬಿಟ್ವಿ. ಇಂಥಾಕಿಗೆ ಏನ್ ಬರ್ತದ ಅಂತಾರ ಎಲ್ಲಾರೂ."

"ಇವರಿಬ್ಬರನ್ನ ನೋಡ್ರಿ. ಒಬ್ಬಾಕಿ ನಿಮ್ಮ ಜಂಪರ್ ಹೊಲಿತಾಳ. ಒಬ್ಬಾಕಿ ಹುಮನಾಬಾದಿನ್ಯಾಗ ಕಂಪ್ಯೂಟರ್ ರಿಪೇರಿ ಮಾಡ್ತಾಳ. ಈ ಮನಿಗೆ ಇದನ್ನೆಲ್ಲ ಜೋಡಿಸಿ ಕೊಟ್ಟಾಕೀನೂ ಆಕೀನೇ."

ಸುಮನಬಾಯಿ ರೂಪಾಲಿಯನ್ನು ಮೇಲೆತ್ತಿ ಕುರ್ಚಿಯ ಮೇಲೆ ಕೂಡಿಸಿದಳು. ಅಸ್ಗರಿ ಆಚೆಯಿಂದ ಒಂದು ಬಾಳೆಹಣ್ಣು ತೋರಿಸಿ, ಅದರ ಸನ್ನೆ ಮಾಡಿದಳು. ಸುಮನಬಾಯಿ ಮಾಡಿದಳು. ರೂಪಾಲಿ ತನ್ನ ಕೈ ನೋಡಿಕೊಂಡು, ಒಂದು ಬೆರಳು ನಿಲ್ಲಿಸಿ, ಸಿಪ್ಪೆ ಸುಲಿದಂತೆ ಮಾಡಿದಳು. ಆಚೆಗಿದ್ದ ಅಸ್ಗರಿ ಬಾಳೆಹಣ್ಣು ಸುಲಿದು ತಿಂದಳು. ತಾನು ಹೇಳಿದ ಮಾತು ದೂರದ ಯಾರಿಗೋ ತಿಳಿಯಿತೆಂದು ಆ ಹುಡುಗಿಗೆ ಹೊಳೆದದ್ದು ಆಗ. ಆಕೆ ಮತ್ತೆ ಮಾಡಿದಳು. ಮತ್ತೆ ಮಾಡಿದಳು. ಸರುಬಾಯಿ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಅಳತೆ ಕೊಟ್ಟು ಹೋಗಬೇಕಾದವಳು ಮಧ್ಯಾಹ್ನದವರೆಗೆ ಕೂತಳು. ಆಮೇಲೆ ಪ್ರತಿ ರವಿವಾರ ಮಗಳನ್ನು ಕರೆತಂದಳು. ಬೇಸಿಗೆ ಮುಗಿಯುವಷ್ಟರಲ್ಲಿ ರೂಪಾಲಿಗೆ ನೀರು, ರೊಟ್ಟಿ, ಎಮ್ಮೆ, ಅವ್ವ, ಹೊಟ್ಟೆನೋವು, ಬೇಡ, ನಾಳೆ ಎಲ್ಲ ಬರುತ್ತಿತ್ತು. ಹೊಟ್ಟೆನೋವು ಎಂಬುದನ್ನು ಸರುಬಾಯಿಯೂ ಕಲಿತಳು. ಏಳು ವರ್ಷ ಮಗಳು ಯಾಕೆ ಅಳುತ್ತಾಳೆಂದು ತಿಳಿಯದೆ ಬಡಿದಿದ್ದುಂಟು ಎಂದು ಜಗದೇವಿಯ ಮುಂದೆ ಹೇಳಿಕೊಂಡಳು.

"ಇವರು ಕಲಿತ ಆ ಗುಲಬರ್ಗಾ ಸಾಲ್ಯಾಗ ಇಕೀನ ತಗೋತಾರೇನ್ರಿ?" ಎಂದು ಒಂದು ದಿನ ಆಕೆಯೇ ಕೇಳಿದಳು. "ಬಿಟ್ಟಿರಾಕ ಜೀವ ಒಪ್ಪೂದಿಲ್ಲ. ಆದ್ರೂ ಕೇಳಾಕತ್ತೀನಿ."

ಶಾಲೆಯವರು ಸೇರಿಸಿಕೊಳ್ಳಲು ಒಪ್ಪಿದರು. ಜೂನ್ ಮೊದಲ ವಾರ ಅವರು ಗುಲಬರ್ಗಾದ ಬಸ್ಸು ಹತ್ತಿದರು: ಸರುಬಾಯಿ, ರೂಪಾಲಿ, ಸುಮನಬಾಯಿ. ಹುಮನಾಬಾದಿನಲ್ಲಿ ಅಸ್ಗರಿ ಹತ್ತಿಕೊಂಡಳು. ರೂಪಾಲಿ ಅವಳನ್ನು ಕಂಪ್ಯೂಟರಿನ ಹೊರಗೆ ನೋಡುತ್ತಿದ್ದದ್ದು ಅದೇ ಮೊದಲು. ತೋಳು ಮುಟ್ಟಿ ನೋಡಿದಳು, ನಿಜವಾದವಳು ಹೌದೋ ಅಲ್ಲವೋ ಎಂಬಂತೆ. ಆಮೇಲೆ ಇಬ್ಬರ ನಡುವೆ ತೂರಿ ಕೂತು ಪ್ರಶ್ನೆ ಶುರು ಮಾಡಿದಳು. ಅಲ್ಲಿ ರೊಟ್ಟಿ ಕೊಡ್ತಾರಾ? ಎಮ್ಮೆ ಇದೆಯಾ? ಅವ್ವ ಬರ್ತಾಳಾ? ಬಸ್ಸಿನ ಮಂದಿ ತಿರುಗಿ ತಿರುಗಿ ನೋಡಿದರು. ಸುಮನಬಾಯಿ ಕೈ ಮಡಿಲಿಗೆ ಎಳೆದುಕೊಳ್ಳಲಿಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಹೇಳುತ್ತ ಹೋದಳು. ರೊಟ್ಟಿ ಕೊಡ್ತಾರೆ. ಎಮ್ಮೆ ಇಲ್ಲ. ಅವ್ವ ತಿಂಗಳಿಗೊಮ್ಮೆ ಬರ್ತಾಳೆ.