ಬಗ್ಗಿಸಬಾರದ ಹಾಸಿಗೆ

"ಇದಲ್ಲ, ಇನ್ನೂ ಗಟ್ಟಿ ಇರೋದು ತೋರ್ಸಿ," ಎಂದಳು, ಅಂಗೈಯನ್ನು ಹಾಸಿಗೆಗೆ ಒತ್ತಿ. ಅಂಗಡಿಯವನು ತೋರಿಸಿದ ಮೂರನೆಯದೂ ಅವಳ ಕೈಗೆ ಮಣಿದಿತ್ತು. ಮಣಿಯುವುದರ ಮೇಲೆ ಅವಳಿಗೆ ಮೊದಲಿನಿಂದಲೂ ಗೌರವ ಕಡಿಮೆ.

"ದಿನಾ ಮಲಗೋಕಾ ಮೇಡಂ?"

"ಇಲ್ಲ. ಅಪರೂಪಕ್ಕೆ."

"ಯಾರಿಗೆ?"

"ಬಂದೋರಿಗೆ."

ಬರುವವಳು ಒಡಹುಟ್ಟಿದ ತಂಗಿ ಎಂದು ಹಾಸಿಗೆ ಮಾರುವವನಿಗೆ ಯಾಕೆ ಹೇಳಬೇಕು? ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತಾಳೆ.

ಎಂಟು ವರ್ಷದ ಹಿಂದೆ ಬಂದಿದ್ದಾಗ ತಂಗಿ ಚಾಪೆಯ ಮೇಲೆ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಎದ್ದು, "ಬಂದೋರಿಗೆ ಒಂದು ಹಾಸಿಗೆನೂ ಇಲ್ವಲ್ಲ ಅಕ್ಕಾ, ನಿನ್ನ ಮನೇಲಿ," ಎಂದಿದ್ದಳು.

"ಹಾಗಾದ್ರೆ ಬರ್ಬೇಡ," ಎಂದಿದ್ದಳು ಇವಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವವರು ಎನ್ನಲಿ. ಇವಳು ಆಡಿದ್ದನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಇಷ್ಟು ವರ್ಷದ ಮೇಲೆ ನಿನ್ನೆ ಫೋನು ಮಾಡಿದವಳು ತಂಗಿಯೇ. ಗೆದ್ದವರು ಯಾರೆಂದು ಬಿಡಿಸಿ ಹೇಳಬೇಕೆ? "ಒಂದು ರಾತ್ರಿ ಇದ್ದು ಹೋಗ್ತೀನಿ," ಎಂದಿದ್ದಕ್ಕೆ "ಹೂಂ, ಬಾ," ಎಂದು ಫೋನಿಟ್ಟವಳು ಮನೆಯೆಲ್ಲ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ತಂಗಿ ಬರುತ್ತಾಳೆಂಬ ಸಂಭ್ರಮಕ್ಕೆ ಊಟವೂ ಸೇರಿರಲಿಲ್ಲ.

ಅಂಗಡಿಯವನು ತೆಂಗಿನ ನಾರಿನದೊಂದನ್ನು ಎಳೆದ. "ಇದು ಅಗ್ಗ, ಹಲಗೆ ಥರ ಗಟ್ಟಿ. ಆದ್ರೆ ಬಗ್ಗಿಸಬಾರದು. ಬಗ್ಗಿಸಿದ್ರೆ ಒಳಗೆ ಮುರಿಯತ್ತೆ, ಗ್ಯಾರಂಟಿ ಇಲ್ಲ. ಮಲಗಿ ನೋಡಿ."

ಚೀಲವನ್ನು ಎದೆಗವಚಿಕೊಂಡು ಮಲಗಿದಳು.

"ಮಧ್ಯಕ್ಕೆ ಬನ್ನಿ ಮೇಡಂ. ಅಂಚಿಗ್ಯಾಕೆ ಹೋದ್ರಿ? ಪಕ್ಕದಲ್ಲಿ ಯಾರಿಗೆ ಜಾಗ ಬಿಟ್ರಿ?"

ಚಿಕ್ಕವರಿದ್ದಾಗ ಇಬ್ಬರಿಗೂ ಒಂದೇ ಹಾಸಿಗೆ. ತಂಗಿ ಕೈಕಾಲು ಚೆಲ್ಲಿ ಮಲಗುವವಳು; ಅಕ್ಕನಿಗೆ ಉಳಿಯುತ್ತಿದ್ದುದು ಅಂಚು. ಇಷ್ಟು ವರ್ಷ ಒಬ್ಬಳೇ ಮಲಗಿಯೂ ಮೈ ಅದನ್ನು ಮರೆತಿರಲಿಲ್ಲ. ದಡಕ್ಕನೆ ಎದ್ದಳು.

"ಇದೇ ಇರ್ಲಿ. ಇಬ್ಬರಿಗೆ ಆಗೋ ಅಗಲದ್ದು ಕಳಿಸಿ."

ಸಂಜೆ ಹೊರೆಯಾಳುಗಳಿಬ್ಬರು ಹಾಸಿಗೆಯನ್ನು ಮೆಟ್ಟಿಲ ತಿರುವಿನವರೆಗೆ ತಂದರು. ಅಲ್ಲಿ ಅದು ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಅವಳು ಕೋಣೆ ಅಳೆದಿದ್ದಳು, ಬಾಗಿಲು ಅಳೆದಿದ್ದಳು. ದಿನಾ ಹತ್ತಿಳಿಯುವ ತಿರುವನ್ನು ಅಳೆಯಬೇಕೆಂದು ಹೊಳೆದಿರಲಿಲ್ಲ.

"ಚೂರು ಬಗ್ಸಿದ್ರೆ ದಾಟತ್ತೆ ಮೇಡಂ."

"ಬಗ್ಗಿಸಬೇಡಿ."

"ಮತ್ತೆ ಹೇಗೆ?"

"ಬಗ್ಗಿಸಬಾರದು ಅಂದ್ರೆ ಬಗ್ಗಿಸಬಾರದು."

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ.

"ಅಕ್ಕಾ! ದಾರಿನೇ ಇಲ್ವಲ್ಲ. ಹೇಗೆ ಬರ್ಲಿ?"

ಆ ದನಿ ಒಂದಿಷ್ಟೂ ಬದಲಾಗಿರಲಿಲ್ಲ. ನಿನಗೋಸ್ಕರಾನೇ ತಂದಿದ್ದು ಕಣೇ, ಎನ್ನಬೇಕೆಂದಿದ್ದಳು ಇವಳು.

"ಅಲ್ಲೇ ನಿಂತಿರು," ಎಂದಳು.

"ನನ್ನಿಂದ ತೊಂದ್ರೆ ಆಗೋದಾದ್ರೆ ವಾಪಸ್ ಹೋಗ್ತೀನಿ."

"ನಿನ್ನಿಷ್ಟ."

"ಬಗ್ಸೋಣ್ವಾ ಮೇಡಂ?" ಹೊರೆಯಾಳು ಏದುಸಿರು ಬಿಡುತ್ತ ಕೇಳಿದ. "ಕೈ ಸೋಲ್ತಾ ಇದೆ."

ಅವಳು ಮೇಲಿನ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಿದ್ದಳು. ಆಚೆ ಬದಿಯಿಂದ ತಂಗಿ ಹಾಸಿಗೆಗೆ ಅಂಗೈ ಒತ್ತಿ ತಳ್ಳಿದಳು, ಇನ್ನೊಮ್ಮೆ ತಳ್ಳಿದಳು. ಈಚೆ ಬದಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಅಲುಗಲಿಲ್ಲ.

ಒಳ್ಳೆಯದನ್ನೇ ಆರಿಸಿದ್ದೇನೆ, ಎಂದುಕೊಂಡಳು.