ಮೂರು ಬೆರಳಗಲದ ಸಾಹೇಬ

ದೊಡ್ಡಮನೆಯ ಮೊಮ್ಮಗಳು ಕರವಸ್ತ್ರದ ಗಂಟು ಬಿಚ್ಚಿ, ಮೂರು ಬೆರಳಗಲದ ಚಿತ್ರವೊಂದನ್ನು ರಿಪೇರಿಯಮ್ಮನ ಮೇಜಿನ ಮೇಲಿಟ್ಟಳು. ಸ್ವಲ್ಪ ಶುಚಿ ಮಾಡಿ, ಏನು ಕಂಡಿರಿ, ಏನು ಮಾಡಿದಿರಿ ಅಂತ ಒಂದು ವರದಿಯನ್ನೂ ಬರೆದುಕೊಡಿ ಎಂದು ಹೇಳಿ ಹೋದಳು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದೇ ರಿಪೇರಿಯಮ್ಮನ ಕಸುಬು, ಪೇಟೆಯವರು ಇಟ್ಟ ಹೆಸರೂ ಅದೇ. ಹೂಂ ಅಂದಳು, ಅಷ್ಟೆ. ಬಾಗಿಲು ಮುಚ್ಚಿದ್ದೇ ತಡ, ಭೂತಕನ್ನಡಿ ಹಿಡಿದು ಮುಗಿಬಿದ್ದಳು. ಬೀಳದೆ ಏನು! ಈ ಸಾಹೇಬನ ಸುದ್ದಿ ಕೇಳುತ್ತಲೇ ಬೆಳೆದವಳು, ಕಣ್ಣಾರೆ ಕಂಡಿದ್ದು ಇವತ್ತೇ.

ಸಾಹೇಬ ಅಂದರೆ ದೊಡ್ಡಮನೆಯ ಮೂಲಪುರುಷ, ಪರಂಗಿ ದಂಡಿನ ಅಧಿಕಾರಿ. ಕೆಂಪು ಕೋಟು, ಚಿನ್ನದ ಗುಂಡಿ, ದಂತದ ಬಿಲ್ಲೆಯ ಮೇಲೆ ನೀರುಬಣ್ಣದ ಕೆಲಸ. ಇವಳ ಅಜ್ಜಿ ಆ ಮನೆಯಲ್ಲಿ ಧೂಳು ಒರೆಸುವ ಕೆಲಸಕ್ಕಿದ್ದಳು. ಅಪ್ಪನಿಗೆ ಹತ್ತೊಂಬತ್ತಾದಾಗ ಯಾರೋ ಪುಣ್ಯಾತ್ಮರು ಚಿತ್ರ ನೋಡಿ, ಅರೆ, ಇದು ಕೆಲಸದವಳ ಮಗನ ಮುಖವೇ ಅಲ್ಲವೇ ಅಂದರು. ಅಷ್ಟು ಸಾಕಾಯಿತು. ಹುಡುಗ ಸಾಹೇಬನ ವಂಶದ ಕುಡಿ, ದೊಡ್ಡಮನೆಯ ಯಜಮಾನನಿಗೇ ಹುಟ್ಟಿದವನು ಅಂತ ಬಾಯಿಂದ ಬಾಯಿಗೆ ಹರಡಿತು. ಅಜ್ಜ ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ, ಮಗನ ಮುಖ ನೋಡುವುದನ್ನೂ ಬಿಟ್ಟ. ಅಜ್ಜಿ ಸಾಯುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಎಪ್ಪತ್ತು ದಾಟಿದರೂ ಅಪ್ಪನಿಗೆ ತಾನು ಯಾರ ಮಗ ಎಂಬುದು ಇತ್ಯರ್ಥವಾಗಿರಲಿಲ್ಲ.

ಹೋಲಿಕೆ ಮಾತ್ರ ಸುಳ್ಳಲ್ಲ. ಅಪ್ಪನದೇ ಗಿಣಿಮೂಗು, ಅಪ್ಪನದೇ ತುಸು ಮೇಲೆದ್ದ ಎಡಹುಬ್ಬು. ಆದರೆ ಕಸುಬಿನ ಕಣ್ಣು ಸುಮ್ಮನಿರಬೇಕಲ್ಲ! ಕೋಟಿನ ಕೆಂಪೆಲ್ಲ ಸಾಸಿವೆಗಿಂತ ಸಣ್ಣ ಚುಕ್ಕೆಗಳನ್ನಿಟ್ಟು ಬರೆದದ್ದು. ಮುಖದಲ್ಲಿ ಒಂದು ಚುಕ್ಕೆಯೂ ಇಲ್ಲ, ಬಣ್ಣ ದಪ್ಪಗೆ ಮೆತ್ತಿ ಹೊಳೆಯುತ್ತಿದೆ. ಗಾಜು, ಚೌಕಟ್ಟು ಬಿಚ್ಚಿ, ಹತ್ತಿಯ ತುದಿಗೆ ನೀರು ತಾಗಿಸಿ, ಚೌಕಟ್ಟಿನಡಿ ಅಡಗಿದ್ದ ಅಂಚನ್ನು ಮುಟ್ಟಿದಳು, ನೀರುಬಣ್ಣವಲ್ಲವೇ, ಕೆಂಪು ಹತ್ತಿಗೆ ಇಳಿಯಿತು. ಕೆನ್ನೆ ಮುಟ್ಟಿದಳು, ಜಪ್ಪಯ್ಯ ಅಂದರೂ ಕದಲಲಿಲ್ಲ. ಅದು ಎನಾಮಲ್ ಪೇಂಟು, ಅಂಗಡಿ ಬೋರ್ಡಿಗೆ ಬಳಿಯುವಂಥದ್ದು. ಸಾಹೇಬನ ಕಾಲಕ್ಕೆ ಅದೆಲ್ಲಿಂದ ಬರಬೇಕು? ಕೊರಳಪಟ್ಟಿಯ ಹತ್ತಿರ ಹಳೆಯ ಬಣ್ಣ ಅಡ್ಡಕ್ಕೆ ಎಳೆದುಹೋಗಿತ್ತು, ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ.

ಬೋರ್ಡು ಅಂದಕೂಡಲೇ ಅಜ್ಜಿಯ ತಮ್ಮ ನೆನಪಾದ. ಪೇಟೆಯ ಬೋರ್ಡುಗಳನ್ನೆಲ್ಲ ಬರೆದವನು ಅವನು. ಪಾಪ, ಅವನ ಕೈಗೆ ಬರುತ್ತಿದ್ದುದು ಒಂದೇ ಮುಖ, ಬಣ್ಣ ಕಲಸಿಕೊಡಲು ಬರುತ್ತಿದ್ದ ಅಕ್ಕನ ಮಗನದು, ಅಂದರೆ ಇವಳ ಅಪ್ಪನದು. ಕ್ಷೌರದಂಗಡಿಯ ಗಿರಾಕಿಯೂ ಅವನೇ, ಹಲ್ಲುಪುಡಿಯ ಸುಂದರಿಯೂ ಅವನೇ ಎಂದು ಮನೆಮಂದಿ ಹೇಳಿಕೊಂಡು ನಗುತ್ತಿದ್ದರು.

ಅಪ್ಪನನ್ನು ಕರೆಸಿ, ಭೂತಕನ್ನಡಿ ಕೈಗಿತ್ತು, ಕಂಡದ್ದನ್ನೆಲ್ಲ ಬಿಡಿಸಿ ಹೇಳಿದಳು. ಅವನೂ ಆ ಚಿತ್ರ ನೋಡಿದ್ದು ಅದೇ ಮೊದಲು. ಮುದುಕ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯದೊಂದನ್ನು ನೆನೆದ. ಆ ಸುದ್ದಿ ಹಬ್ಬುವುದಕ್ಕೆ ಸ್ವಲ್ಪ ಮುಂಚೆ ಒಂದು ಸಲ ಮಾವ ಎರಡು ದಿನ ಅಂಗಡಿಯ ಬಾಗಿಲು ಹಾಕಿಕೊಂಡು ತನ್ನನ್ನು ಒಳಗೇ ಬಿಟ್ಟಿರಲಿಲ್ಲವಂತೆ. ಒಳಗೆ ಅಮ್ಮ ಬಿಕ್ಕುತ್ತಿದ್ದುದು ಕೇಳಿಸುತ್ತಿತ್ತಂತೆ. ಯಾಕೆಂದು ಕೇಳಿದ್ದಕ್ಕೆ ಬೈಸಿಕೊಂಡದ್ದೇ ಬಂತು. ಈಗ ಇಬ್ಬರಿಗೂ ತಿಳಿಯಿತು. ಅಜ್ಜಿ ಗಾಜು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಳೆ, ಸಾಹೇಬನ ಮುಖ ಬಟ್ಟೆಗೆ ಬಂದುಬಿಟ್ಟಿದೆ. ಹೆದರಿ ತಮ್ಮನ ಬಳಿ ಓಡಿದ್ದಾಳೆ, ಅವನು ತನಗೆ ಬರುವ ಒಂದೇ ಮುಖ ಬರೆದುಕೊಟ್ಟಿದ್ದಾನೆ. ದೊಡ್ಡಮನೆಯವರ ಗಮನಕ್ಕೆ ಬರಲಿಲ್ಲ. ಅಷ್ಟು ಸಣ್ಣ ಮುಖವನ್ನು ಧೂಳು ಒರೆಸುವವಳ ಹೊರತು ದಿನಾ ಯಾರು ನೋಡುತ್ತಾರೆ? ಗುಸುಗುಸು ಎದ್ದಾಗ ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತು, ತಮ್ಮನೂ ಸಿಕ್ಕಿಬೀಳುತ್ತಿದ್ದ. ಹೇಳದೆ ಮಾನ ಕಳೆದುಕೊಂಡಳು.

"ಅಂದ್ರೆ ನಾನು ನಮ್ಮಪ್ಪನ ಮಗಾನೇ," ಅಂದ ಅಪ್ಪ. ಕಣ್ಣಿಂದ ನೀರು ದಳದಳ ಇಳಿಯಿತು. ಸಂತೋಷವೂ ಇತ್ತು, ಬಾಯಿ ಹೊಲಿದುಕೊಂಡು ಹೋದ ಅಮ್ಮನ ಮೇಲೆ ಕೆಂಡದಂಥ ಸಿಟ್ಟೂ ಇತ್ತು.

ಮಗಳಿಗೆ ಈಗ ವರದಿಯ ಪೇಚು. ಎನಾಮಲ್ ತೆಗೆದರೆ ಅಡಿಯಲ್ಲಿ ಬೋಳು ದಂತ. ನಿಜ ಬರೆದರೆ ದೊಡ್ಡಮನೆಯವರ ಬಾಯಲ್ಲಿ ಅಜ್ಜಿ ಚಿತ್ರ ಕೆಡಿಸಿದವಳಾಗುತ್ತಾಳೆ. ಯಾರೋ ಒರೆಸಿದ್ದಾರೆ ಅಂತಷ್ಟೇ ಬರೆಯುತ್ತೇನೆ, ಸತ್ತವಳನ್ನು ಯಾಕೆ ಎಳೆದು ತರುವುದು ಎಂದಳು.

"ಬೇಡ. ಅಮ್ಮನೇ ಒರೆಸಿದ್ದು ಅಂತ ಬರಿ," ಅಂದ ಅಪ್ಪ. "ಅವಳು ಕೆಡಿಸಿದ್ದು ಒಂದು ಚಿತ್ರ. ಅಷ್ಟೇ ಕಣಮ್ಮ, ಅಷ್ಟೇ. ಎಲ್ಲರೂ ಓದ್ಲಿ."

ಅವಳು ಬರೆದಳು. ಅಪ್ಪ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದ, ಆಮೇಲೆ ಇನ್ನೊಮ್ಮೆ ಓದಿದ.