ಕೊನೇ ಸಾಲಿಗೆ ಕೇಳಿಸುವಂತೆ

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಜೋರಾಗಿ ಸೀನುವ ಹಾಗಿರಲಿಲ್ಲ. ಅಪ್ಪನದು ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ತಿಂಡಿ ತಿಂದು ಮಲಗಿದ ಅಂದರೆ ಅಮ್ಮ ಮನೆಮಂದಿಯ ಬಾಯಿಗೆಲ್ಲ ಬೀಗ ಹಾಕುತ್ತಿದ್ದಳು. ಕುಕ್ಕರಿಗೂ "ಶ್" ಅನ್ನುತ್ತಿದ್ದಳು, ಅದು ಮಾತು ಕೇಳಿದರೆ ತಾನೆ!

ಇಂಥ ಮನೆಯಲ್ಲಿ ಪಿಟೀಲು ಕಲಿತವಳು ನಾನು. ಎರಡೇ ಕೋಣೆ, ಅಪ್ಪನ ದಿಂಬಿಗೂ ನನ್ನ ಪಿಟೀಲಿಗೂ ನಡುವೆ ಒಂದು ತೆಳು ಗೋಡೆ. ಕಮಾನು ತಂತಿಗೆ ಸೋಕಿದರೂ ಸೋಕದ ಹಾಗೆ ಎಳೆಯುವುದನ್ನು ರೂಢಿ ಮಾಡಿಕೊಂಡೆ.

ಆಮೇಲೆ ಸರ್ಕಾರಿ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಸೇರಿದೆ. ಎಲ್ಲಿ ನೋಡಿದರೂ ಜನ. ಅಭ್ಯಾಸದ ಕೋಣೆಗೂ ಸರದಿ ನಿಲ್ಲಬೇಕು. ಎಡಗಡೆ ಕೋಣೆಯಲ್ಲಿ ಟ್ರಂಪೆಟ್, ಬಲಗಡೆ ಡ್ರಮ್; ನಡುವೆ ನನ್ನ ಪಿಟೀಲು ನನಗೇ ಕೇಳಿಸುತ್ತಿರಲಿಲ್ಲ. ಜೋರಾಗಿ ಎಳೆಯಲು ಹೋದರೆ ಅಮ್ಮ "ಶ್" ಅಂದ ಹಾಗಾಗಿ ಕೈ ತಾನೇ ಹಿಂದೆ ಸರಿಯುತ್ತಿತ್ತು.

ನಮ್ಮ ಮೇಡಂಗೆ ಸಾಕಾಗಿಹೋಯಿತು. "ಸ್ವರ ಚಿನ್ನದಂಗಿದೆ. ಆದ್ರೆ ಕಳ್ಳರ ಥರ ನುಡಿಸ್ತೀಯಲ್ಲೇ! ಪರೀಕ್ಷೆ ದೊಡ್ಡ ಸಭಾಂಗಣದಲ್ಲಿ. ಕೊನೇ ಸಾಲಿಗೆ ಕೇಳಿಸ್ಲಿಲ್ಲ ಅಂದ್ರೆ ನುಡಿಸೋರ ತರಗತಿಯಿಂದ ತೆಗೆದು ಬರೀ ಓದಿ ಬರೆಯೋರ ತರಗತಿಗೆ ಹಾಕ್ತಾರೆ. ಆಮೇಲೆ ನಾನೇನೂ ಮಾಡೋಕಾಗಲ್ಲ" ಅಂದರು.

ಅವತ್ತು ಊಟ ಸೇರಲಿಲ್ಲ. ಸಂಗೀತದ ಬಗ್ಗೆ ಬರೆಯುವವರ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಪಿಟೀಲು ಬಿಟ್ಟು ಬದುಕುವುದು ನನ್ನಿಂದ ಆಗದ ಮಾತು. ಮನೆಯಲ್ಲಿ ಪರೀಕ್ಷೆ ಇದೆ ಅಂತಷ್ಟೇ ಹೇಳಿದೆ. ಕಾರಣ ಹೇಳಿದರೆ ದುಡಿದು ಬಂದು ಮಲಗುವವನ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತಿತ್ತು.

ಪರೀಕ್ಷೆಯ ದಿನ ಅಪ್ಪ ಪ್ರೆಸ್ಸಿನಿಂದ ನೇರ ಸಭಾಂಗಣಕ್ಕೇ ಬಂದುಬಿಟ್ಟ. ಉಗುರಿನಲ್ಲಿ ಮಸಿ, ಕಣ್ಣು ಕೆಂಪು. ಸೀಟಿಗೆ ಮಸಿ ಹತ್ತೀತು ಅಂತ ಕೈ ಕಟ್ಟಿಕೊಂಡು ಕೊನೇ ಸಾಲಿನಲ್ಲಿ ಕೂತ. ಮನೆಗೆ ಹೋಗಿ ಮಲಗಬಾರದಿತ್ತಾ ಅಂತ ಒಳಗೊಳಗೇ ಗೊಣಗಿದೆ. ಇನ್ನು ನನ್ನ ಕೈ ಏಳುವುದುಂಟೆ?

ಏಳಲಿಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ತಿದ್ದಿದ್ದ ಕೃತಿಯೇ. ಶುರುವಿನ ಏರುಭಾಗ ಹೇಗೋ ದಾಟಿತು. ಸ್ವರ ಕೆಳಗಿಳಿದು ನಿಧಾನವಾಗುವ ಜಾಗದಲ್ಲಿ ಕಮಾನು ಹಳೇ ಚಾಳಿಗೆ ಬಿತ್ತು. ಪರೀಕ್ಷಕರಲ್ಲಿ ಹಿರಿಯರೊಬ್ಬರು ಮುಂದಕ್ಕೆ ಬಾಗಿ ಕಿವಿಗೆ ಕೈ ಇಟ್ಟುಕೊಂಡರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಗ ಹಿಂದಿನಿಂದ ಅಪ್ಪನ ದನಿ ಬಂತು. ಯಂತ್ರದ ಪಕ್ಕ ಕೂಗಿ ಕೂಗಿ ಅಭ್ಯಾಸವಾದ ದನಿ. ಅವನು ಮೆಲ್ಲಗೆ ಅಂದರೂ ಊರಿಗೆಲ್ಲ ಕೇಳುತ್ತದೆ.

"ಮಗಳೇ, ಈ ಜಾಗ ನಂಗೆ ಯಾವತ್ತೂ ಕೇಳ್ಸೋದೇ ಇಲ್ಲ ಕಣೇ!"

ಕಮಾನು ನಿಂತಿತು. "ಯಾರ್ರೀ ಅದು?" ಹಿರಿಯರು ರೇಗಿದರು.

ಅಪ್ಪ ಎದ್ದು ನಿಂತ. "ಇವಳಪ್ಪ ಸಾರ್. ತಪ್ಪಾಯ್ತು. ಪ್ರೆಸ್ಸಿನ ಗದ್ದಲಕ್ಕೆ ನನ್ನ ಕಿವಿ ಸ್ವಲ್ಪ ಮಂದ. ದಿನಾ ನಿದ್ದೆ ಬಂದೋರ ಥರ ಮಲಗಿ, ಗೋಡೆಗೆ ಕಿವಿ ಕೊಟ್ಟು ಕೇಳ್ತೀನಿ. ಈ ಇಳಿಯೋ ಜಾಗ ಬಂದ್ರೆ ಏನೂ ಕೇಳ್ಸಲ್ಲ. ಎದ್ದಿದೀನಿ ಅಂತ ಗೊತ್ತಾದ್ರೆ ಇವಳು ನುಡಿಸೋದೇ ನಿಲ್ಲಿಸಿಬಿಡ್ತಾಳೆ, ಅದಕ್ಕೇ ಹೇಳಿರ್ಲಿಲ್ಲ."

ಯಾರ ನಿದ್ದೆ ಕಾಯಲು ಇಷ್ಟು ವರ್ಷ ಉಸಿರು ಬಿಗಿಹಿಡಿದು ನುಡಿಸಿದೆನೋ, ಆ ಮಹಾನುಭಾವ ಗೋಡೆಯಾಚೆ ಉಸಿರು ಬಿಗಿಹಿಡಿದು ಕೇಳುತ್ತಿದ್ದ! ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂದವು.

"ಮೊದಲಿಂದ ನುಡಿಸ್ಲಾ ಸಾರ್?" ಅಂದೆ. ಹಿರಿಯರು ಗೊಣಗುತ್ತಲೇ ಹೂಂ ಅಂದರು.

ಪರೀಕ್ಷೆ ಮರೆತೇಹೋಯಿತು. ಆ ಇಳಿಯುವ ಜಾಗ ಬಂದಾಗ ತೋಳಿನ ಭಾರವನ್ನೆಲ್ಲ ಕಮಾನಿನ ಮೇಲೆ ಬಿಟ್ಟೆ. ನನ್ನ ಪಿಟೀಲಿಗೆ ಅಷ್ಟು ತುಂಬು ದನಿ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಮುಗಿದಾಗ ಹಿರಿಯರು ನನ್ನನ್ನು ನೋಡಲಿಲ್ಲ. ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, "ಏನ್ರೀ, ಕೇಳಿಸ್ತಾ?" ಅಂದರು.

ಅಷ್ಟು ದೊಡ್ಡ ದನಿಯ ಅಪ್ಪ ಕಣ್ಣು ಒರೆಸಿಕೊಳ್ಳುತ್ತ ಹೌದು ಹೌದೆಂದು ತಲೆ ಆಡಿಸಿದ.

"ಹಾಗಾದ್ರೆ ಇವಳು ನುಡಿಸೋರ ಜೊತೇಲೇ ಇರ್ಲಿ," ಅಂದರು ಹಿರಿಯರು.